ಮದುವೆಯ ಮಾತು, ಕ್ರಿಪ್ಟೋ ಹೂಡಿಕೆ, 23.4 ಲಕ್ಷ ನಷ್ಟ: ಅಕ್ಕನ ಹಣದಲ್ಲಿ ಎಷ್ಟು ಮರಳಿ ಬರಬಹುದು?

ತುಂಗಾತೀರದವ | 8 ಜೂನ್ 2025, ಸಂಜೆ 6:10

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ 51 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದಾರೆ. ಭಾವನವರು ತೀರಿಕೊಂಡು ಆರು ವರ್ಷಗಳಾದವು. ಮಗಳು ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ಅಮ್ಮ ಮನೆಯಲ್ಲಿ ಒಬ್ಬರೇ ಆದರೆಂದು ತಾನೇ ಒತ್ತಾಯ ಮಾಡಿ, ಈ ಜನವರಿಯಲ್ಲಿ ವಧೂವರರ ಜಾಲತಾಣವೊಂದರಲ್ಲಿ ಅವರ ವಿವರ ಹಾಕಿಸಿದಳು. ಅಲ್ಲಿ ಪರಿಚಯವಾದ ವ್ಯಕ್ತಿ ತಾನು ಮೂಲತಃ ಧಾರವಾಡದವನು, ಸಿಂಗಪುರದ ಬಂದರಿನಲ್ಲಿ ಎಂಜಿನಿಯರು, ಹೆಂಡತಿ ಇಲ್ಲ ಎಂದು ಹೇಳಿಕೊಂಡ. ಎರಡು ತಿಂಗಳು ಹಣದ ಸುದ್ದಿಯನ್ನೇ ಎತ್ತಲಿಲ್ಲ. ಬೆಳಿಗ್ಗೆ ಕಾಫಿ ಆಯಿತೇ ಎಂದು ಕೇಳುತ್ತಿದ್ದ, ಭಾವನ ತಿಥಿಯ ದಿನವನ್ನೂ ನೆನಪಿಟ್ಟುಕೊಂಡು ಸಮಾಧಾನ ಹೇಳಿದ್ದ.

ಏಪ್ರಿಲ್‌ನಲ್ಲಿ ಒಂದು ಟ್ರೇಡಿಂಗ್ ಆ್ಯಪ್‌ನ ಕೊಂಡಿ ಕಳುಹಿಸಿದ. ಮೊದಲು ಹಾಕಿದ ₹15,000 ನಾಲ್ಕೇ ದಿನಗಳಲ್ಲಿ ₹18,000 ಆಗಿ ಅಕ್ಕನ ಖಾತೆಗೆ ನಿಜವಾಗಿಯೂ ಬಂದಿತು. ಆಮೇಲೆ ನಡೆದುದನ್ನು ನೀವು ಊಹಿಸಬಲ್ಲಿರಿ. ಒಟ್ಟು ₹23,40,000 ಹೋಗಿದೆ. ಅದರಲ್ಲಿ ₹14,60,000 ಬೇರೆ ಬೇರೆ ಬ್ಯಾಂಕ್ ಖಾತೆಗಳಿಗೆ ನೇರವಾಗಿ ಹೋಗಿದೆ. ಉಳಿದ ₹8,80,000ಕ್ಕೆ ಅವನು ಹೇಳಿಕೊಟ್ಟಂತೆ ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ನಾಣ್ಯ, ಕೊಂಡು, ಅವನು ಕೊಟ್ಟ ಕ್ರಿಪ್ಟೋ ವಾಲೆಟ್‌ನ ವಿಳಾಸಕ್ಕೆ ಕಳುಹಿಸಿದ್ದಾರೆ. ಆ್ಯಪ್‌ನಲ್ಲಿ ಈಗ ಅಕ್ಕನ ಹೆಸರಿನಲ್ಲಿ 61 ಲಕ್ಷ ಕಾಣಿಸುತ್ತದೆ. ಹಿಂಪಡೆಯಲು ಹೋದರೆ ಶೇ 30ರಷ್ಟು ತೆರಿಗೆಯನ್ನು ಮುಂಚಿತವಾಗಿ ಕಟ್ಟಬೇಕೆಂದು ಬರುತ್ತದೆ. ಅದರ ಮೊದಲ ಕಂತೆಂದು ನಿನ್ನೆ ರಾತ್ರಿ 9 ಗಂಟೆಯ ಸುಮಾರಿಗೆ ಐಎಂಪಿಎಸ್ ಮೂಲಕ ₹2,40,000 ಕಳುಹಿಸಿ, ಮಿಕ್ಕಿದ್ದಕ್ಕೆ ಸಾಲ ಕೇಳಲು ಇಂದು ನನಗೆ ಫೋನ್ ಮಾಡಿದಾಗಲೇ ವಿಷಯ ತಿಳಿಯಿತು. ಎಲ್ಲಿಂದ ಆರಂಭಿಸಬೇಕು? ನಾಳೆ ಬ್ಯಾಂಕು ತೆರೆದ ಕೂಡಲೇ ಹೋಗಬೇಕೆಂದಿದ್ದೇವೆ.

ನಿವೃತ್ತ ಬ್ಯಾಂಕ್ ನೌಕರ, ಹಾವೇರಿ | 8 ಜೂನ್, ಸಂಜೆ 6:31

ನಾಳೆಯವರೆಗೆ ಕಾಯಬೇಡಿ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಸೈಬರ್ ವಂಚನೆಯ ದೂರಿಗಿರುವ 1930ಕ್ಕೆ ಕರೆ ಮಾಡಿ. ಭಾನುವಾರವೂ ಆ ಸಹಾಯವಾಣಿ ಕೆಲಸ ಮಾಡುತ್ತದೆ. ನಿನ್ನೆ ರಾತ್ರಿ ಹೋದ ₹2,40,000 ಇನ್ನೂ ಮೊದಲ ಅಥವಾ ಎರಡನೆಯ ಖಾತೆಯಲ್ಲಿ ಕುಳಿತಿರುವ ಸಾಧ್ಯತೆಯಿದೆ. ನಿಮ್ಮ 23 ಲಕ್ಷದಲ್ಲಿ ಈ ಗಳಿಗೆಯಲ್ಲಿ ಕೈಗೆ ಸಿಗಬಹುದಾದ ಹಣವೆಂದರೆ ಮುಖ್ಯವಾಗಿ ಅದೊಂದೇ.

ವ್ಯವಸ್ಥೆ ಹೀಗಿದೆ. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿರುವ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2021ರಿಂದ ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ಜಾಲದಲ್ಲಿ ಜೋಡಿಸಿದೆ. ನೀವು ಹೇಳಿದ ವಹಿವಾಟು ಅದರಲ್ಲಿ ದಾಖಲಾದ ಕೂಡಲೇ ಹಣ ಪಡೆದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ಹೋಗಿದ್ದರೆ ಸೂಚನೆಯೂ ಅದರ ಹಿಂದೆಯೇ ಹೋಗುತ್ತದೆ. ಮೋಸಗಾರರು ಹಣವನ್ನು ಬಾಡಿಗೆ ಖಾತೆಗಳಲ್ಲಿ, ಅಂದರೆ ಮ್ಯೂಲ್ ಖಾತೆಗಳಲ್ಲಿ, ನಾಲ್ಕೈದು ಮಜಲು ದಾಟಿಸಿ ಎಟಿಎಂನಿಂದ ತೆಗೆಯುತ್ತಾರೆ ಅಥವಾ ಕ್ರಿಪ್ಟೋಗೆ ಬದಲಿಸುತ್ತಾರೆ. ಆದ್ದರಿಂದಲೇ ಇಲ್ಲಿ ಗಂಟೆಗಳ ಲೆಕ್ಕ.

ಕರೆ ಮಾಡುವಾಗ ಅಕ್ಕನ ಖಾತೆ ಸಂಖ್ಯೆ, ಹಣ ಹೋದ ಖಾತೆಯ ಸಂಖ್ಯೆ, ಮೊತ್ತ, ಸಮಯ ಮತ್ತು 12 ಅಂಕಿಗಳ ವಹಿವಾಟು ಸಂಖ್ಯೆ ಕೈಯಲ್ಲಿರಲಿ. ಇತ್ತೀಚಿನದನ್ನು ಮೊದಲು ಹೇಳಿ, ಹಳೆಯವನ್ನು ಆಮೇಲೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಒಂದೊಂದಾಗಿ ಸೇರಿಸಿ. ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದರೆ ಯಾವ ಬ್ಯಾಂಕಿಗೂ ಏನನ್ನೂ ತಡೆಯಲಾಗದು.

ತುಂಗಾತೀರದವ | 8 ಜೂನ್, ರಾತ್ರಿ 8:45

ಕರೆ ಸಿಕ್ಕಿತು, ಸ್ವೀಕೃತಿ ಸಂಖ್ಯೆಯೂ ಬಂದಿದೆ. ಒಟ್ಟು 19 ವಹಿವಾಟುಗಳಿವೆ. ಪಾಸ್‌ಬುಕ್ ಇಟ್ಟುಕೊಂಡು ಒಂದೊಂದನ್ನೇ ತುಂಬಿಸುತ್ತಿದ್ದೇವೆ. ಅಕ್ಕ ಪಕ್ಕದಲ್ಲೇ ಕುಳಿತಿದ್ದಾರೆ. ಅವನಿಗೆ ತೊಂದರೆಯಾಗುತ್ತದೆಯೇನೋ ಎಂದು ಎರಡು ಬಾರಿ ಕೇಳಿದರು.

ವಕೀಲೆ, ಹುಬ್ಬಳ್ಳಿ | 9 ಜೂನ್, ಬೆಳಿಗ್ಗೆ 7:20

ನೀವು ಮುಖ್ಯವಾದ ಮೊದಲ ಕೆಲಸ ಮಾಡಿದ್ದೀರಿ. ಆದರೆ 1930ರ ದೂರು ಎಫ್‌ಐಆರ್ ಅಲ್ಲ ಎಂಬುದನ್ನು ಗಮನದಲ್ಲಿಡಿ. ತಡೆಹಿಡಿದ ಹಣ ನಿಮ್ಮ ಕೈಗೆ ಬರಬೇಕಾದರೆ ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತದೆ, ಆ ಆದೇಶಕ್ಕೆ ಎಫ್‌ಐಆರ್ ಬುನಾದಿ. ಇಂದೇ ನಿಮ್ಮ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆಗೆ, ಹೋಗಿ. ಭಾರತೀಯ ನ್ಯಾಯ ಸಂಹಿತೆಯ 318(4), 319(2) ಕಲಮುಗಳು ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳು ಇಂತಹ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬರುತ್ತವೆ. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಹೊಸ ದಂಡ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಲಿಖಿತವಾಗಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ದೂರನ್ನು ದಿನಾಂಕದ ಕ್ರಮದಲ್ಲಿ ಬರೆಯಿರಿ. ಮನಸ್ಸಿನ ನೋವಿಗೆ ಒಂದು ವಾಕ್ಯ ಸಾಕು, ಖಾತೆಗಳ ವಿವರಕ್ಕೆ ಎರಡು ಪುಟವಾದರೂ ಚಿಂತೆಯಿಲ್ಲ. ಆ್ಯಪ್ ಅನ್ನಾಗಲೀ ಸಂಭಾಷಣೆಯನ್ನಾಗಲೀ ಅಳಿಸಬೇಡಿ. ನಾಚಿಕೆಯಿಂದ ಪ್ರೀತಿಯ ಮಾತುಗಳನ್ನೆಲ್ಲ ಅಳಿಸಿ ಖಾತೆ ಸಂಖ್ಯೆಯಿರುವ ನಾಲ್ಕು ಸಂದೇಶಗಳನ್ನು ಮಾತ್ರ ತಂದುಕೊಟ್ಟ ಕಕ್ಷಿದಾರರನ್ನು ನಾನು ಕಂಡಿದ್ದೇನೆ. ಆಗ ವಂಚನೆಯ ಉದ್ದೇಶವನ್ನು ತೋರಿಸುವುದೇ ಕಷ್ಟವಾಗುತ್ತದೆ. ಸಂಭಾಷಣೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಆ ಫೋನನ್ನು ಮಾರುವುದಾಗಲೀ ರೀಸೆಟ್ ಮಾಡುವುದಾಗಲೀ ಬೇಡ.

ಓದುಗ_77 | 9 ಜೂನ್, ಬೆಳಿಗ್ಗೆ 10:02

ಮಕ್ಕಳಿಗೆ ಪಾಠ ಹೇಳುವ ಉಪನ್ಯಾಸಕಿ ಮುಖವನ್ನೇ ನೋಡದವನಿಗೆ 23 ಲಕ್ಷ ಕೊಟ್ಟರೆಂದರೆ ಅದರಲ್ಲಿ ಅವರ ತಪ್ಪೂ ಇಲ್ಲವೇ? ದುರಾಸೆಗೆ ಪೊಲೀಸರೇನು ಮಾಡಬೇಕು?

ನಾನೂ ಕಳೆದುಕೊಂಡವನು | 9 ಜೂನ್, ಬೆಳಿಗ್ಗೆ 11:15

ಓದುಗ_77 ಅವರೆ, ಈ ಪ್ರಶ್ನೆಯನ್ನು ನನಗೂ ಕೇಳಿದ್ದರು. ಅದನ್ನು ಕೇಳಿಸಿಕೊಳ್ಳಲಾರದೆ ನಾನು 40 ದಿನ ಯಾರಿಗೂ ಹೇಳದೆ ಇದ್ದೆ. ಆ 40 ದಿನಗಳಲ್ಲಿ ನನ್ನ ಹಣ ಯಾವ ಖಾತೆಯಲ್ಲಿಯೂ ಉಳಿಯಲಿಲ್ಲ. ಮೂರು ತಿಂಗಳು ಪ್ರತಿ ದಿನ ನಿಮ್ಮ ಊಟ ನಿದ್ದೆ ವಿಚಾರಿಸುವ ಮನುಷ್ಯನನ್ನು ನಂಬುವುದು ದುರಾಸೆಯಲ್ಲ. ಈ ವಂಚನೆಗೆ ಹಂದಿ ಕೊಬ್ಬಿಸಿ ಕಡಿಯುವುದೆಂಬ ಅರ್ಥದ ಚೀನೀ ಹೆಸರು ಮೊದಲು ಬಂದಿತ್ತು. ಹಣ ಕಳೆದುಕೊಂಡವರನ್ನು ಆ ಮಾತು ಇನ್ನಷ್ಟು ಕುಗ್ಗಿಸಿ ದೂರು ಕೊಡದಂತೆ ಮಾಡುತ್ತದೆ ಎಂಬ ಕಾರಣಕ್ಕೆ, ಅದನ್ನು ಬಿಡಿ ಎಂದು ಇಂಟರ್‌ಪೋಲ್ 2024ರ ಡಿಸೆಂಬರ್‌ನಲ್ಲಿ ಕೇಳಿಕೊಂಡಿತು.

ತುಂಗಾತೀರದ ಸಹೋದರರೆ, ನಿಮಗೆ ಒಂದೇ ಎಚ್ಚರಿಕೆ ಹೇಳುತ್ತೇನೆ. ಇನ್ನು ಕೆಲವೇ ದಿನಗಳಲ್ಲಿ ಯಾರೋ ಒಬ್ಬರು ನಿಮ್ಮ ಹಣ ಎಲ್ಲಿದೆಯೆಂದು ಪತ್ತೆಯಾಗಿದೆ, ಇಷ್ಟು ಶುಲ್ಕ ಕಟ್ಟಿದರೆ ಬಿಡಿಸಿಕೊಡುತ್ತೇವೆ ಎಂದು ಬರುತ್ತಾರೆ. ನಾನು 9 ಲಕ್ಷ ಕಳೆದುಕೊಂಡ ಮೇಲೆ ಅಂಥವರೊಬ್ಬರಿಗೆ ₹1,10,000 ಕೊಟ್ಟೆ. ಅವರ ಬಳಿ ನನ್ನ ಹೆಸರು, ಮೊತ್ತ, ಆ್ಯಪ್‌ನ ಹೆಸರು ಎಲ್ಲವೂ ಇದ್ದುದರಿಂದ ಸರ್ಕಾರದವರೇ ಇರಬೇಕೆಂದುಕೊಂಡೆ. ಅಷ್ಟು ವಿವರ ಮೊದಲ ಕಳ್ಳರ ಬಳಿ ಮಾತ್ರ ಇರಲು ಸಾಧ್ಯ ಎಂಬುದು ಆಗ ಹೊಳೆಯಲಿಲ್ಲ.

ಸರಪಳಿ ಓದುವವ, ಬೆಂಗಳೂರು | 10 ಜೂನ್, ರಾತ್ರಿ 9:30

ಬ್ಲಾಕ್‌ಚೈನ್, ಅಂದರೆ ಕ್ರಿಪ್ಟೋ ವಹಿವಾಟುಗಳು ದಾಖಲಾಗುವ ಲೆಕ್ಕಪುಸ್ತಕ, ಅದರಲ್ಲಿನ ವಹಿವಾಟುಗಳನ್ನು ವಿಶ್ಲೇಷಿಸುವುದು ನನ್ನ ಉದ್ಯೋಗ. ₹8,80,000ದ ಭಾಗದ ಬಗ್ಗೆ ಇರುವುದನ್ನು ಇರುವಂತೆಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಾಲೆಟ್ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಆರಂಭವಾಗಿ 34 ಅಕ್ಷರಗಳಿದ್ದರೆ ಅದು ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದ್ದು. ಈ ವಂಚಕರಿಗೆ ಅಚ್ಚುಮೆಚ್ಚಿನ ಜಾಲ ಅದೇ, ಏಕೆಂದರೆ ಅಲ್ಲಿ ವರ್ಗಾವಣೆ ವೇಗವಾಗಿಯೂ ಅಗ್ಗವಾಗಿಯೂ ಆಗುತ್ತದೆ. ಅಲ್ಲಿನ ಪ್ರತಿ ವರ್ಗಾವಣೆಯೂ ಬಹಿರಂಗವಾದ ಲೆಕ್ಕಪುಸ್ತಕದಲ್ಲಿರುತ್ತದೆ, ಹಣ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಯಿತೆಂದು ಯಾರು ಬೇಕಾದರೂ ನೋಡಬಹುದು. ಆದರೆ ನೋಡುವುದೇ ಬೇರೆ, ಹಿಂದಕ್ಕೆ ತರುವುದೇ ಬೇರೆ. ಒಮ್ಮೆ ಖಚಿತವಾದ ವರ್ಗಾವಣೆಯನ್ನು ರದ್ದುಮಾಡುವ ಗುಂಡಿ ಯಾರ ಬಳಿಯೂ ಇಲ್ಲ. ಅದನ್ನು ಹ್ಯಾಕ್ ಮಾಡಿ ವಾಪಸ್ ತರುತ್ತೇನೆ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ.

ಹಣ ನಿಲ್ಲಬಹುದಾದ ಜಾಗಗಳು ಎರಡು. ಯುಎಸ್‌ಡಿಟಿಯನ್ನು ಹೊರಡಿಸುವ ಟೆದರ್ ಕಂಪನಿಗೆ ಯಾವುದೇ ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ಸ್ಥಗಿತಗೊಳಿಸುವ ಶಕ್ತಿಯಿದೆ. 2023ರ ನವೆಂಬರ್‌ನಲ್ಲಿ ಇದೇ ಬಗೆಯ ವಂಚನೆಗೆ ಸಂಬಂಧಿಸಿದ ಸುಮಾರು 22.5 ಕೋಟಿ ಡಾಲರ್ ಮೌಲ್ಯದ ಯುಎಸ್‌ಡಿಟಿಯನ್ನು ಅದು ಹಾಗೆ ಸ್ಥಗಿತಗೊಳಿಸಿತ್ತು. ಎರಡನೆಯದು ವಿನಿಮಯ ಕೇಂದ್ರ, ಅಂದರೆ ಎಕ್ಸ್‌ಚೇಂಜ್. ವಂಚಕ ಅದನ್ನು ನಗದು ಮಾಡಿಕೊಳ್ಳಲು ಎಕ್ಸ್‌ಚೇಂಜಿನ ಖಾತೆಗೆ ಹಾಕಿದರೆ ಅಲ್ಲಿ ಗುರುತಿನ ದಾಖಲೆ ಇರುತ್ತದೆ. ಭಾರತದಲ್ಲಿ ವ್ಯವಹರಿಸುವ ಎಕ್ಸ್‌ಚೇಂಜ್‌ಗಳು 2023ರ ಮಾರ್ಚ್ 7ರ ಅಧಿಸೂಚನೆಯ ನಂತರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಗೆ ಒಳಪಟ್ಟಿವೆ. ಆದರೆ ಈ ಎರಡು ಕಡೆಗಳಲ್ಲಿಯೂ ನಿಮ್ಮ ಮಾತು ನಡೆಯುವುದಿಲ್ಲ, ತನಿಖಾಧಿಕಾರಿಯ ಪತ್ರ ಬೇಕು. ನೀವು ಮಾಡಬೇಕಾದುದೆಂದರೆ ಪ್ರತಿ ವರ್ಗಾವಣೆಯ 64 ಅಕ್ಷರಗಳ ಹ್ಯಾಶ್ (ಆ ವರ್ಗಾವಣೆಯ ಗುರುತಿನ ಸಂಕೇತ), ವಾಲೆಟ್ ವಿಳಾಸ, ದಿನಾಂಕ ಇವನ್ನು ನಕಲಿಸಿ, ಮುದ್ರಿಸಿ ಅವರ ಕೈಗೆ ಕೊಡುವುದು. ಅದನ್ನು ಕೈಬರಹದಲ್ಲಿ ಬರೆಯಬೇಡಿ, ಒಂದು ಅಕ್ಷರ ತಪ್ಪಿದರೂ ಕೆಲಸಕ್ಕೆ ಬಾರದು.

ಯುಎಸ್‌ಡಿಟಿ ಕೊಳ್ಳುವಾಗ ಪಿ2ಪಿ ಮಾರಾಟಗಾರರಿಗೆ, ಅಂದರೆ ತಮ್ಮ ನಾಣ್ಯವನ್ನು ನೇರವಾಗಿ ಮಾರುವ ವ್ಯಕ್ತಿಗಳಿಗೆ, ಹೋದ ರೂಪಾಯಿಗಳ ವಿವರವನ್ನೂ ದೂರಿನಲ್ಲಿ ಸೇರಿಸಿ. ಆ ಮಾರಾಟಗಾರರು ಪ್ರಾಮಾಣಿಕರೇ ಇರಬಹುದು, ಅದನ್ನು ಪೊಲೀಸರು ನೋಡಿಕೊಳ್ಳಲಿ.

ತೆರಿಗೆಯ ಮಾತು ಏಕೆ ನಂಬುವಂತಿತ್ತೆಂದರೆ, ಶೇ 30ರ ದರ ನಿಜ. ಆದಾಯ ತೆರಿಗೆ ಕಾಯ್ದೆಯ 115ಬಿಬಿಎಚ್ ಕಲಂ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಅದೇ ದರ ವಿಧಿಸಿದೆ. ಆದರೆ ಆ ತೆರಿಗೆಯನ್ನು ನಾವು ಸರ್ಕಾರಕ್ಕೆ ಚಲನ್ ಮೂಲಕ ಕಟ್ಟುತ್ತೇವೆಯೇ ಹೊರತು ಹಣ ಬಿಡುಗಡೆಗೆಂದು ಯಾವ ಆ್ಯಪ್‌ಗೂ ಕಟ್ಟುವುದಿಲ್ಲ.

ತುಂಗಾತೀರದವ | 14 ಜೂನ್, ಸಂಜೆ 5:40

ಎಫ್‌ಐಆರ್ ಆಯಿತು. ಠಾಣೆಯ ಇನ್‌ಸ್ಪೆಕ್ಟರ್ ಅಕ್ಕನೊಂದಿಗೆ ಬಹಳ ಸೌಜನ್ಯದಿಂದ ಮಾತನಾಡಿದರು. ಎರಡು ಖಾತೆಗಳಲ್ಲಿ ಒಟ್ಟು ₹3,12,000 ತಡೆಹಿಡಿಯಲಾಗಿದೆ: ಶನಿವಾರ ರಾತ್ರಿ ಕಳುಹಿಸಿದ್ದರಲ್ಲಿ ₹2,07,000, ಅದಕ್ಕೂ ಮೊದಲಿನ ಒಂದು ಪಾವತಿಯಲ್ಲಿ ₹1,05,000. ಮೇ ತಿಂಗಳ ಬಹುಪಾಲು ಪಾವತಿಗಳು ಅದೇ ದಿನ ಬೇರೆ ರಾಜ್ಯಗಳ ಎಟಿಎಂಗಳಲ್ಲಿ ನಗದಾಗಿವೆ.

ಎಚ್ಚರಿಸಿದಂತೆಯೇ ಆಯಿತು. ಗುರುವಾರ ಅಕ್ಕನಿಗೆ ಟೆಲಿಗ್ರಾಂನಲ್ಲಿ ಸಂದೇಶ ಬಂದಿತು. ಅಶೋಕ ಸ್ತಂಭದ ಚಿತ್ರವಿದ್ದ ಪತ್ರ, ಹಣ ಬಿಡುಗಡೆಗೆ ₹45,000 ಶುಲ್ಕ. ಇಲ್ಲಿ ಓದಿರದಿದ್ದರೆ ನಾನೇ ಕಟ್ಟುತ್ತಿದ್ದೆನೇನೋ. ಅದನ್ನೂ ಠಾಣೆಗೆ ಕೊಟ್ಟೆವು.

ಹಣಕ್ಕಿಂತ ಅಕ್ಕನ ಸ್ಥಿತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಆ ಮನುಷ್ಯನನ್ನೂ ಯಾರೋ ಮೋಸಗೊಳಿಸಿರಬೇಕು, ಅವನು ಅಂಥವನಲ್ಲ ಎನ್ನುತ್ತಾರೆ. ಊಟ ಸರಿಯಾಗಿ ಮಾಡುತ್ತಿಲ್ಲ. ಏನು ಹೇಳಬೇಕೆಂದು ತಿಳಿಯದು.

ಮ್ಯಾಂಚೆಸ್ಟರ್ ಕನ್ನಡತಿ | 15 ಜೂನ್, ಮಧ್ಯಾಹ್ನ 2:05

ನಿಮ್ಮ ಅಕ್ಕನ ಜಾಗದಲ್ಲಿ ಎರಡು ವರ್ಷಗಳ ಹಿಂದೆ ನಾನಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ. ಅವನು ಸುಳ್ಳು ಎಂದು ವಾದಿಸಿ ಗೆಲ್ಲಲು ಹೋಗಬೇಡಿ. ಅವರಿಗೆ ಹಣದ ಜೊತೆಗೆ ಒಂದು ಸಂಗಾತವೂ ಹೋಗಿದೆ, ಆ ದುಃಖಕ್ಕೆ ಮನೆಗೆ ಯಾರೂ ಮಾತನಾಡಿಸಲು ಬರುವುದಿಲ್ಲ. ನನ್ನ ತಂಗಿ ದಿನವೂ ಫೋನ್ ಮಾಡಿ, ಇವತ್ತು ಏನು ಅಡುಗೆ ಎಂದಷ್ಟೇ ಕೇಳುತ್ತಿದ್ದಳು. ಅವನು ಕೇಳುತ್ತಿದ್ದ ಪ್ರಶ್ನೆಯನ್ನು ನಮ್ಮವರೇ ಕೇಳತೊಡಗಿದಾಗ ನನ್ನ ಮನಸ್ಸು ನಿಧಾನವಾಗಿ ಬಿಡಿಸಿಕೊಂಡಿತು. ಅಲ್ಲಿ 14416ರ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸೇವೆಯ ಹಿಂದೆ ನಿಮ್ಹಾನ್ಸ್ ಇದೆ.

ಅಕ್ಕನ ಮಾತಿನಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಆ ಸಂದೇಶಗಳನ್ನು ಟೈಪ್ ಮಾಡಿದವನು ಮ್ಯಾನ್ಮಾರ್ ಅಥವಾ ಕಾಂಬೋಡಿಯಾದಲ್ಲಿ ವಂಚಕರು ನಡೆಸುವ ಆವರಣವೊಂದರಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡು ಕೂಡಿಹಾಕಲ್ಪಟ್ಟವನಿರಬಹುದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಬಲವಂತದ ದುಡಿಮೆಯಲ್ಲಿರಬಹುದೆಂದು ಅಂದಾಜಿಸಿತ್ತು. ಈ ಮಾರ್ಚ್‌ನಲ್ಲಷ್ಟೇ ಭಾರತ ಸರ್ಕಾರ ಥಾಯ್ಲೆಂಡ್ ಗಡಿಯ ಮೂಲಕ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತಂದಿತು. ಇದನ್ನು ತಿಳಿದ ಮೇಲೆ ನನ್ನ ಸಿಟ್ಟಿನ ದಿಕ್ಕು ಬದಲಾಯಿತು.

ಇಲ್ಲಿರುವ ಕನ್ನಡಿಗರಿಗೂ ಒಂದು ಮಾತು. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ವಂಚನೆಗೆ ಒಳಗಾಗಿ ತಾವೇ ಮಾಡಿದ ಪಾವತಿಯನ್ನೂ 85,000 ಪೌಂಡ್‌ಗಳವರೆಗೆ ಬ್ಯಾಂಕುಗಳು ಮರಳಿಸಬೇಕೆಂಬ ನಿಯಮವಿದೆ. ಆದರೆ ಹಣವನ್ನು ಮೊದಲು ನಮ್ಮದೇ ಹೆಸರಿನ ಕ್ರಿಪ್ಟೋ ಖಾತೆಗೆ ಹಾಕಿ ಅಲ್ಲಿಂದ ಕಳುಹಿಸಿದ್ದರೆ ಆ ನಿಯಮ ಅನ್ವಯಿಸುವುದಿಲ್ಲ. ವಂಚಕರು ಹಾಗೆಯೇ ಮಾಡಿಸುತ್ತಾರೆ.

ನಿವೃತ್ತ ಬ್ಯಾಂಕ್ ನೌಕರ, ಹಾವೇರಿ | 15 ಜೂನ್, ಸಂಜೆ 7:12

ಮೇಡಂ ಹೇಳಿದ ನಿಯಮ ನಮ್ಮಲ್ಲಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ತೋರಿಸಿ, ಮೂರು ದಿನದೊಳಗೆ ದೂರು ಕೊಟ್ಟರೆ ಪೂರ್ತಿ ಹಣ ಬ್ಯಾಂಕೇ ಕೊಡುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅದು ಗ್ರಾಹಕನ ಅನುಮತಿಯಿಲ್ಲದೆ ನಡೆದ ವಹಿವಾಟಿಗೆ ಮಾತ್ರ. ತಾವೇ ಒಟಿಪಿ ಹಾಕಿ ಕಳುಹಿಸಿದ ಹಣಕ್ಕೆ ಅದರಿಂದ ಪರಿಹಾರ ಸಿಗುವುದು ಬಹಳ ಕಷ್ಟ. ಹಾಗಿದ್ದರೂ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಸೂಚನೆ ತಲುಪಿದ ಮೇಲೂ ಅವರು ಹಣ ತಡೆಯಲು ವಿಳಂಬ ಮಾಡಿದ್ದು ಕಂಡುಬಂದರೆ, 30 ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ, ಬಳಿ ಹೋಗಲು ಆ ದೂರು ಬೇಕಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ಚಿಂತೆಗೀಡುಮಾಡಿದೆ. ಮೊದಲು ಬಂದ ₹18,000 ವಂಚಕನ ಜೇಬಿನಿಂದ ಬಂದದ್ದಲ್ಲ, ಬಹುಶಃ ಇನ್ನೊಬ್ಬ ನತದೃಷ್ಟರ ಹಣ. ಅವರು ದೂರು ಕೊಟ್ಟರೆ ಅದೇ ಸರಪಳಿಯಲ್ಲಿ ಅಕ್ಕನ ಖಾತೆಯೂ ಬರುತ್ತದೆ. ಅದನ್ನು ನಿಮ್ಮ ದೂರಿನಲ್ಲಿ ನೀವೇ ಬರೆದಿಡಿ.

ತುಂಗಾತೀರದವ | 22 ಜುಲೈ, ಬೆಳಿಗ್ಗೆ 9:18

ಸರ್ ಹೇಳಿದ ಹಾಗೆಯೇ ಆಯಿತು. ಬೇರೆ ರಾಜ್ಯದ ಪೊಲೀಸರ ಸೂಚನೆಯಂತೆ ಅಕ್ಕನ ಸಂಬಳದ ಖಾತೆಯನ್ನೇ ಸ್ಥಗಿತಗೊಳಿಸಿದ್ದಾರೆ. ಎಟಿಎಂ ಕೂಡ ನಡೆಯುತ್ತಿಲ್ಲ.

ವಕೀಲೆ, ಹುಬ್ಬಳ್ಳಿ | 22 ಜುಲೈ, ಬೆಳಿಗ್ಗೆ 11:50

ಗಾಬರಿಯಾಗಬೇಡಿ. ಸೂಚನೆ ಕಳುಹಿಸಿದ ಠಾಣೆ ಮತ್ತು ದೂರಿನ ಸಂಖ್ಯೆಯನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ. ನಿಮ್ಮ ಎಫ್‌ಐಆರ್ ಪ್ರತಿ, ₹18,000ದ ಉಲ್ಲೇಖವಿರುವ ಪುಟ, ಖಾತೆಯ ಸ್ಟೇಟ್‌ಮೆಂಟ್ ಇವುಗಳೊಂದಿಗೆ ಆ ಠಾಣೆಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆಯಲ್ಲಿ ಮನವಿ ಕಳುಹಿಸಿ. ವಿವಾದದ ₹18,000ಕ್ಕೆ ಮಾತ್ರ ತಡೆ ಇರಿಸಿ ಉಳಿದದ್ದನ್ನು ತೆರವುಗೊಳಿಸಿ ಎಂಬುದು ನಿಮ್ಮ ಕೋರಿಕೆಯಾಗಿರಲಿ. ನಿಮ್ಮ ತನಿಖಾಧಿಕಾರಿಯಿಂದಲೂ, ಈಕೆ ಸ್ವತಃ ವಂಚನೆಗೊಳಗಾದವರು ಎಂಬ ಪತ್ರ ಸಿಕ್ಕರೆ ಕೆಲಸ ಸುಲಭವಾಗುತ್ತದೆ. ಆವರೆಗೆ ಸಂಬಳಕ್ಕೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ.

ಇದರ ಜೊತೆಗೆ ತಡೆಹಿಡಿದ ₹3,12,000ಕ್ಕೆ ಅರ್ಜಿ ಹಾಕುವ ಸಮಯವೂ ಬಂದಿದೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 503ರ ಅಡಿಯಲ್ಲಿ, ಹಳೆಯ ಸಂಹಿತೆಯಲ್ಲಿ ಇದು 457 ಆಗಿತ್ತು, ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿ. ನ್ಯಾಯಾಲಯ ತನಿಖಾಧಿಕಾರಿಯ ವರದಿ ಕೇಳುತ್ತದೆ, ಸಾಮಾನ್ಯವಾಗಿ ಮುಚ್ಚಳಿಕೆ ಬರೆಸಿಕೊಂಡು ಹಣ ಬಿಡುಗಡೆಗೆ ಆದೇಶಿಸುತ್ತದೆ. ಆರೋಪಿ ಸಿಗುವವರೆಗೆ ಇದಕ್ಕೆ ಕಾಯಬೇಕಾಗಿಲ್ಲ.

ತುಂಗಾತೀರದವ | 17 ಅಕ್ಟೋಬರ್, ರಾತ್ರಿ 8:20

ಅಮೆರಿಕದಲ್ಲಿ ಕಾಂಬೋಡಿಯಾದ ಪ್ರಿನ್ಸ್ ಗ್ರೂಪ್ ಎಂಬ ಉದ್ಯಮ ಸಮೂಹದ ಮುಖ್ಯಸ್ಥ ಚೆನ್ ಝಿಯ ಮೇಲೆ ಇದೇ ಬಗೆಯ ವಂಚನೆ ನಡೆಸಿದ ಆರೋಪದಲ್ಲಿ ಮೊಕದ್ದಮೆ ಹೂಡಿ 1,27,271 ಬಿಟ್‌ಕಾಯಿನ್ ಮುಟ್ಟುಗೋಲಿಗೆ ಹೊರಟಿದ್ದಾರೆ, ಅದರ ಬೆಲೆ ಸುಮಾರು 1,500 ಕೋಟಿ ಡಾಲರ್ ಎಂದು ಓದಿದೆ. ಅಕ್ಕ ತಾವಾಗಿಯೇ ಆ ಸುದ್ದಿಯನ್ನು ನನಗೆ ಕಳುಹಿಸಿದರು. ನಮ್ಮಂಥವರಿಗೆ ಅದರಲ್ಲಿ ಪಾಲು ಸಿಗುವುದುಂಟೇ?

ಸರಪಳಿ ಓದುವವ, ಬೆಂಗಳೂರು | 17 ಅಕ್ಟೋಬರ್, ರಾತ್ರಿ 10:04

ಈಗಲೇ ಆಸೆ ಇಟ್ಟುಕೊಳ್ಳಬೇಡಿ, ಬಾಗಿಲು ಮುಚ್ಚಿದೆಯೆಂದೂ ತಿಳಿಯಬೇಡಿ. ಮುಟ್ಟುಗೋಲು ಅಂತಿಮವಾದ ಮೇಲೆ ಹಣ ಕಳೆದುಕೊಂಡವರು ಅರ್ಜಿ ಹಾಕುವ ಅವಕಾಶ ಅಮೆರಿಕದ ಕಾನೂನಿನಲ್ಲಿದೆ. ಆದರೆ ತಮ್ಮ ಹಣ ಇದೇ ಜಾಲಕ್ಕೆ ಹೋಯಿತೆಂದು ತೋರಿಸಬೇಕಾಗುತ್ತದೆ, ವರ್ಷಗಳೇ ಹಿಡಿಯುತ್ತವೆ. ನಿಮ್ಮ ಹ್ಯಾಶ್‌ಗಳ ಮುದ್ರಿತ ಪ್ರತಿಯನ್ನು ಜೋಪಾನವಾಗಿಡಿ. ಈ ಸುದ್ದಿಯ ಹೆಸರಿನಲ್ಲಿ ಪಾಲು ಕೊಡಿಸುವುದಾಗಿ ಹೇಳಿ ಶುಲ್ಕ ಕೇಳುವವರೂ ಬರುತ್ತಾರೆ, ಅಕ್ಕನಿಗೆ ಮೊದಲೇ ತಿಳಿಸಿ.

ತುಂಗಾತೀರದವ | 16 ನವೆಂಬರ್, ಸಂಜೆ 4:30

ನ್ಯಾಯಾಲಯದ ಆದೇಶ ಬಂದು, ಶುಕ್ರವಾರ ₹2,07,000 ಅಕ್ಕನ ಖಾತೆಗೆ ಜಮೆಯಾಯಿತು. ₹1,05,000ದ ಮೇಲೆ ತೆಲಂಗಾಣದ ಇನ್ನೊಬ್ಬರ ದೂರೂ ಇರುವುದರಿಂದ ಅದು ಇನ್ನೂ ಇತ್ಯರ್ಥವಾಗಬೇಕು. ಮುಂದಿನ ವಿಚಾರಣೆ ಡಿಸೆಂಬರ್‌ನಲ್ಲಿದೆ. ಹಳೆಯ ಖಾತೆಯ ತಡೆ ಸೆಪ್ಟೆಂಬರ್‌ನಲ್ಲಿಯೇ ₹18,000ಕ್ಕೆ ಇಳಿಯಿತು. ಆ ₹18,000ವನ್ನು ಅದರ ನಿಜವಾದ ಒಡೆಯರಿಗೇ ಕೊಟ್ಟುಬಿಡಿ ಎಂದು ಅಕ್ಕ ತಾವೇ ಆ ಠಾಣೆಗೆ ಪತ್ರ ಬರೆದಿದ್ದಾರೆ. ಯುಎಸ್‌ಡಿಟಿಯ ಬಗ್ಗೆ ತನಿಖಾಧಿಕಾರಿ ಒಂದು ಎಕ್ಸ್‌ಚೇಂಜಿಗೆ ಪತ್ರ ಕಳುಹಿಸಿದ್ದಾರೆ, ಉತ್ತರ ಬಂದಿಲ್ಲ.

ಅಕ್ಕ ಕಳೆದ ವಾರ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಸಹೋದ್ಯೋಗಿಗಳಿಗೆ ಎಲ್ಲವನ್ನೂ ಹೇಳಿಕೊಂಡರಂತೆ. ಅದನ್ನು ಕೇಳಿದ ಮೇಲೆ ಅವರಲ್ಲೊಬ್ಬರು ಸಂಜೆ ಮನೆಗೆ ಬಂದು, ತಮ್ಮ ಮಗ ಅಂಥದ್ದೇ ಒಂದು ಆ್ಯಪ್‌ನಲ್ಲಿ ಹಣ ಹಾಕುತ್ತಿದ್ದಾನೆಂದು ಫೋನ್ ತೋರಿಸಿದರು. ಅವನ ಕೊನೆಯ ಪಾವತಿ ಅಂದೇ ಮಧ್ಯಾಹ್ನ ಆಗಿತ್ತು. ಅಕ್ಕನೇ ಅವರ ಎದುರಿಗೆ ಕುಳಿತು 1930ಕ್ಕೆ ಕರೆ ಮಾಡಿಸಿದರು.